ಕೇಜನ್ ಸಂಗೀತ ಕೇಳಬೇಕಾ? ಶನಿವಾರ ಬೆಳಿಗ್ಗೆ ಯೂನಿಸ್‌ನಲ್ಲಿರಿ

ಅಮೆರಿಕದ ಲೂಸಿಯಾನ ರಾಜ್ಯಕ್ಕೆ ಹೋದ ನಮ್ಮವರು ಹೆಚ್ಚಾಗಿ ನ್ಯೂ ಆರ್ಲಿಯನ್ಸ್ ನೋಡಿ ವಾಪಸ್ ಬರುತ್ತಾರೆ. ಜಾಝ್ ಕೇಳಲು ಅದೇ ಸರಿಯಾದ ಊರು. ಆದರೆ ಇಲ್ಲಿನ ಫ್ರೆಂಚ್ ಮೂಲದ ಕೇಜನ್ ಜನರ ಜಾನಪದ ಸಂಗೀತದ ಮನೆ ಅಲ್ಲಿಲ್ಲ. ಅದಕ್ಕೆ ಇನ್ನೂ ಪಶ್ಚಿಮಕ್ಕೆ, ಲಫಾಯೆಟ್ ದಾಟಿ, ಭತ್ತದ ಗದ್ದೆಗಳ ಬಯಲಿಗೆ ಹೋಗಬೇಕು. ಅಲ್ಲಿನ ಪುಟ್ಟ ಊರು ಯೂನಿಸ್. ನಿಮ್ಮ ಪ್ರವಾಸದ ಉಳಿದ ದಿನಗಳು ಹೇಗೇ ಇರಲಿ, ಒಂದು ಶನಿವಾರ ಬೆಳಿಗ್ಗೆ ಮಾತ್ರ ಯೂನಿಸ್‌ನಲ್ಲಿ ಇರುವ ಹಾಗೆ ನೋಡಿಕೊಳ್ಳಿ.

ಕಾರು ಬೇಕೇ ಬೇಕು. ನಾವು ಹ್ಯೂಸ್ಟನ್ ಕಡೆಯಿಂದ ಐ-10 ಹೆದ್ದಾರಿ ಹಿಡಿದು ಹೋದೆವು. ಕ್ರೌಲಿ ಹತ್ತಿರ ಉತ್ತರಕ್ಕೆ ತಿರುಗಿದರೆ 13ನೇ ನಂಬರ್ ರಸ್ತೆ ನೇರವಾಗಿ ಯೂನಿಸ್‌ಗೆ ಕರೆದೊಯ್ಯುತ್ತದೆ. ಒಟ್ಟು ಮೂರೂವರೆ ಗಂಟೆ ಇಟ್ಟುಕೊಳ್ಳಿ. ಹ್ಯೂಸ್ಟನ್ನಿನಲ್ಲಿ ಕನ್ನಡದವರು ಬಹಳ ಜನ ಇದ್ದೀರಿ, ವಾರಾಂತ್ಯಕ್ಕೆ ಆರಾಮಾಗಿ ಆಗುವ ಪ್ರಯಾಣ ಇದು. ಶುಕ್ರವಾರ ರಾತ್ರಿಯೇ ತಲುಪಿ ಮಲಗಿಬಿಡಿ.

ಊರಿನ ಪೂರ್ವಕ್ಕೆ, 190ನೇ ಹೆದ್ದಾರಿಯ ಪಕ್ಕದಲ್ಲಿ ಸವ್ವಾ ಮ್ಯೂಸಿಕ್ ಸೆಂಟರ್ ಇದೆ. ಮಾರ್ಕ್ ಸವ್ವಾ 1966ರಲ್ಲಿ ತೆರೆದ ವಾದ್ಯಗಳ ಅಂಗಡಿ. ಅವರು ತಿದಿ ಒತ್ತಿ ಎಳೆದು ನುಡಿಸುವ ವಾದ್ಯವಾದ ಅಕಾರ್ಡಿಯನ್ ಕಟ್ಟುವುದರಲ್ಲಿ ಹೆಸರಾದವರು. ಹಿಂದೆ ಇಲ್ಲಿಗೆ ಅಕಾರ್ಡಿಯನ್ ಬರುತ್ತಿದ್ದುದು ಜರ್ಮನಿಯಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ನಿಂತುಹೋಯಿತು. ಆಮೇಲೆ ಲೂಸಿಯಾನದವರೇ ಹಳೆಯ ವಾದ್ಯಗಳನ್ನು ಬಿಚ್ಚಿ ನೋಡಿ ಹೊಸದನ್ನು ಮಾಡಲು ಕಲಿತರು. ಮಾರ್ಕ್ ಆ ಕೆಲಸವನ್ನು ಬಹಳ ಎತ್ತರಕ್ಕೆ ಒಯ್ದರು.

ಮಾರ್ಕ್ ಅಕಾರ್ಡಿಯನ್, ಹೆಂಡತಿ ಆ್ಯನ್ ಗಿಟಾರ್ ಮತ್ತು ಹಾಡು, ಮಕ್ಕಳಾದ ಜೋಯೆಲ್ ಫಿಡಲ್ (ಪಿಟೀಲು), ವಿಲ್ಸನ್ ಕೀಬೋರ್ಡ್ ಮತ್ತು ಅಕಾರ್ಡಿಯನ್. ಇದು ಸವ್ವಾ ಫ್ಯಾಮಿಲಿ ಬ್ಯಾಂಡ್. ಆ್ಯನ್ ಬೆಳೆದದ್ದು ವರ್ಜೀನಿಯಾದಲ್ಲಿ. ಮದುವೆಯಾಗಿ ಬಂದ ಮೇಲೆ ಹಳೆಯ ಕಲಾವಿದರನ್ನು ಹುಡುಕಿ ಹೋಗಿ ಅವರ ಹಾಡು, ಕಥೆಗಳನ್ನು ಬರೆದಿಟ್ಟರು. ಹೊರಗಿನಿಂದ ಬಂದ ಸೊಸೆ ಮನೆಯ ಹಾಡು ಕಾಪಾಡಿದ್ದಾರೆ. ನನಗೆ ಈ ಕುಟುಂಬದ ಬಗ್ಗೆ ತುಂಬಾ ಇಷ್ಟವಾದ ವಿಷಯ ಇದೇ.

ಅಂಗಡಿಯ ಶನಿವಾರದ ಜ್ಯಾಮ್, ಅಂದರೆ ಎಲ್ಲರೂ ಸೇರಿ ನುಡಿಸುವ ಕೂಟ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ. ವೇದಿಕೆ ಇಲ್ಲ, ಟಿಕೆಟ್ ಇಲ್ಲ. ವಯಸ್ಸಾದವರು, ಹುಡುಗರು ಎಲ್ಲ ಸುತ್ತ ಕೂತು ನುಡಿಸುತ್ತಾರೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ, ಕುಟುಂಬದವರು ಸಂಗೀತ ಕಛೇರಿ ಕೊಡಲು ಹೊರಗೆ ಹೋಗಿರಬಹುದು. ಬರುವಾಗ ಎಲ್ಲರೂ ಹಂಚಿಕೊಂಡು ತಿನ್ನುವಂಥದ್ದು ಏನಾದರೂ ತನ್ನಿ. ತಾಳಕ್ಕೆ ಬಾರಿಸುವ ಲೋಹದ ತ್ರಿಕೋನ, ಟ್ರಯಾಂಗಲ್, ಸುಲಭ ಅಂತ ಸುಮ್ನೆ ಕೈಗೆತ್ತಿಕೊಳ್ಳಬೇಡಿ. ಇಡೀ ಲಯ ಅದರ ಮೇಲೆ ನಿಂತಿರುತ್ತದೆ, ಒಂದು ಸಲಕ್ಕೆ ಒಬ್ಬರೇ ಬಾರಿಸಬೇಕು. ವಿಡಿಯೋ ತೆಗೆಯುವ ಮುಂಚೆ ಕೇಳಿ.

ಅಕಾರ್ಡಿಯನ್ ಹತ್ತಿರದಿಂದ ನೋಡಿ. ಹಾರ್ಮೋನಿಯಂ ಬಲ್ಲವರಿಗೆ ಒಳಗಿನ ರೀಡು ಪರಿಚಯದ್ದೇ. ಆದರೆ ಇದರಲ್ಲಿ ರಾಗ ನುಡಿಸುವ ಬದಿಗೆ ಹತ್ತೇ ಗುಂಡಿ. ಅದೇ ಗುಂಡಿ ತಿದಿ ಒತ್ತಿದಾಗ ಒಂದು ಸ್ವರ, ಎಳೆದಾಗ ಇನ್ನೊಂದು. ಹೀಗಾಗಿ ನುಡಿಸುವವರ ಕೈ ಒಂದು ಕ್ಷಣ ಸುಮ್ಮನಿರುವುದಿಲ್ಲ. ಸದ್ದೂ ಜೋರು. ಮೈಕ್ ಇಲ್ಲದ ಕಾಲದಲ್ಲಿ ಮನೆಯೊಳಗೆ ಜನ ಕುಣಿಯುವಾಗ ಕೇಳಿಸಬೇಕಿತ್ತಲ್ವಾ? ಹಾಡುವವರು ಕೊರಳೆತ್ತಿ ಹಾಡುವುದೂ ಅದಕ್ಕೇ.

ಕೇಳುವ ಮುಂಚೆ ಸ್ವಲ್ಪ ಇತಿಹಾಸ ತಿಳಿದಿರಲಿ. ಕೇಜನ್ ಜನರ ಹಿರಿಯರು ಈಗಿನ ಕೆನಡಾದ ಅಕಾಡಿಯಾ ಪ್ರದೇಶದ ಫ್ರೆಂಚರು. 1755ರಿಂದ ಬ್ರಿಟಿಷರು ಅವರನ್ನು ಅಲ್ಲಿಂದ ಓಡಿಸಿದರು. ಅಲೆದು ಅಲೆದು ಹಲವರು ಲೂಸಿಯಾನ ಸೇರಿದರು. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತು. ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆ. ಭಾಷೆಯ ಜೊತೆ ಹಾಡಿನ ಬಗ್ಗೆಯೂ ಜನ ನಾಚಿಕೊಳ್ಳತೊಡಗಿದರು. 1964ರ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಲೂಸಿಯಾನದ ಕೇಜನ್ ಕಲಾವಿದ ಡ್ಯೂಯಿ ಬಾಲ್ಫಾ ಮತ್ತು ಸಂಗಡಿಗರು ನುಡಿಸಿದಾಗ ಸಾವಿರಾರು ಜನ ಎದ್ದು ಚಪ್ಪಾಳೆ ತಟ್ಟಿದರು. ಡ್ಯೂಯಿ ಊರಿಗೆ ಮರಳಿ ಇದನ್ನು ಉಳಿಸಲು ಜೀವನವನ್ನೇ ಕೊಟ್ಟರು. ಅವರ ಬ್ಯಾಂಡೂ ಅಣ್ಣತಮ್ಮಂದಿರದ್ದೇ. 1979ರಲ್ಲಿ ಇಬ್ಬರು ಸಹೋದರರು ಕಾರು ಅಪಘಾತದಲ್ಲಿ ತೀರಿಕೊಂಡರು. 1992ರಲ್ಲಿ ಡ್ಯೂಯಿ ಹೋದ ಮೇಲೆ ಮಗಳು ಕ್ರಿಸ್ಟೀನ್ ಅಪ್ಪನ ಹಾಡುಗಳನ್ನು ಮುಂದುವರಿಸಿದರು. ಶಾಲೆ ಕೈಬಿಟ್ಟದ್ದನ್ನು ಮನೆಗಳು ಹಿಡಿದುಕೊಂಡವು.

ಈಗ ಒಂದು ಆಯ್ಕೆ ಮಾಡಬೇಕು. 13ನೇ ರಸ್ತೆಯಲ್ಲೇ ಇನ್ನಷ್ಟು ಉತ್ತರಕ್ಕೆ ಹೋದರೆ ಮಮೂ ಊರಿನ ಫ್ರೆಡ್ಸ್ ಲೌಂಜ್. ಅಲ್ಲೂ ಶನಿವಾರ ಬೆಳಿಗ್ಗೆಯೇ ಸಂಗೀತ, ಕುಣಿತ, ರೇಡಿಯೋ ಪ್ರಸಾರ. ಎರಡಕ್ಕೂ ಓಡಾಡಿದರೆ ಎರಡೂ ಅರ್ಧಂಬರ್ಧ. ಕುಣಿಯಬೇಕಿದ್ದರೆ ಮಮೂ. ಅದು ಬಾರ್, ಮಕ್ಕಳಿದ್ದರೆ ಬೇಡ. ಕೂತು ಕೇಳಬೇಕಿದ್ದರೆ ಸವ್ವಾ ಅಂಗಡಿ. ನನ್ನ ಓಟು ಅಂಗಡಿಗೆ.

ಮಧ್ಯಾಹ್ನ ಯೂನಿಸ್‌ನ ಪ್ರೇರಿ ಅಕಾಡಿಯನ್ ಸಾಂಸ್ಕೃತಿಕ ಕೇಂದ್ರ ನೋಡಿ. ಪಕ್ಕದಲ್ಲೇ 1924ರ ಲಿಬರ್ಟಿ ಥಿಯೇಟರ್. ಶನಿವಾರ ಸಂಜೆ ಅಲ್ಲಿ ಕೇಜನ್ ಕಾರ್ಯಕ್ರಮ ನಡೆಯುವ ವಾಡಿಕೆ. ವೇದಿಕೆ ಮುಂದೆ ಅಜ್ಜ ಅಜ್ಜಿಯರು ವಾಲ್ಟ್ಸ್, ಟೂ-ಸ್ಟೆಪ್ ಎಂಬ ಜೋಡಿ ಕುಣಿತ ಕುಣಿಯುತ್ತಾರೆ. ಆ ವಾರದ ಪಟ್ಟಿ ಮೊದಲೇ ನೋಡಿಕೊಳ್ಳಿ.

ಸಸ್ಯಾಹಾರಿಗಳಿಗೆ ಊಟ ಕಷ್ಟ. ಅನ್ನ ತುಂಬಿದ ಸಾಸೇಜ್ ಆದ ಬೂದಾನ್‌ನಲ್ಲಿ ಹಂದಿಮಾಂಸ. ಬೀನ್ಸ್, ಸೊಪ್ಪಿನ ಪಲ್ಯದಲ್ಲೂ ಹಂದಿಮಾಂಸ ಇರುವುದು ಜಾಸ್ತಿ. ಕೇಳಿಯೇ ತಿನ್ನಿ. ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಬೇಸಿಗೆಯ ಸೆಕೆ ವಿಪರೀತ, ಚಂಡಮಾರುತದ ಕಾಲವೂ ಹೌದು. ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ಅಕ್ಟೋಬರ್‌ನಲ್ಲಿ ಲಫಾಯೆಟ್‌ನಲ್ಲಿ ದೊಡ್ಡ ಕೇಜನ್ ಉತ್ಸವ ಇರುತ್ತದೆ.

ಪಿಟೀಲು ನುಡಿಸುವವರು ಮನೆಯಲ್ಲಿದ್ದರೆ ವಾದ್ಯ ಜೊತೆಗಿರಲಿ. ಸಿ ಶ್ರುತಿಯ ಅಕಾರ್ಡಿಯನ್ ಜೊತೆಗೆ ಅಲ್ಲಿನ ಫಿಡಲಿನವರು ತಂತಿಗಳನ್ನು ಒಂದು ಪೂರ್ತಿ ಸ್ವರ ಇಳಿಸಿಕೊಳ್ಳುವುದು ಹಳೆಯ ರೂಢಿ. ಶ್ರುತಿ ಬದಲಿಸಿಕೊಂಡು ನುಡಿಸುವ ನಮ್ಮ ಮಕ್ಕಳಿಗೆ ಅದು ಹೊಸದೇನಲ್ಲ. ಮೊದಲು ಹೊರಸುತ್ತಿನಲ್ಲಿ ಕೂತು ಮೆಲ್ಲಗೆ ಜೊತೆಗೂಡಲಿ. ರುಚಿ ಹತ್ತಿದರೆ ಡ್ಯೂಯಿ ಬಾಲ್ಫಾ ಹೆಸರಿನಲ್ಲಿ ಶುರುವಾದ ಕಲಿಕೆಯ ಶಿಬಿರವಿದೆ. ಈ ವರ್ಷದ ಜಾಗ, ದಿನಾಂಕ ವಿಚಾರಿಸಿ ಹೆಸರು ಕೊಡಿ.