ಗಟ್ಟಿಗೆ ಹಿಡೀರಿ

14 ಆಗಸ್ಟ್ 2024, ಬುಧವಾರ
ಬಳ್ಳಾರಿ

ಇವತ್ತು ಅಕ್ಕನ ಮನೆಯಲ್ಲೇ ಉಳಿದಿದ್ದೇನೆ. ಅವಳ ಮಗ ಚಿನ್ನುಗೆ ಭಾನುವಾರದಿಂದ ಜ್ವರ ಬಿಟ್ಟಿಲ್ಲ. ಊರೆಲ್ಲಾ ಡೆಂಗಿ ಮಾತು, ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಭಾವನಿಗೆ ಸಂಡೂರಿನಲ್ಲಿ ಡ್ಯೂಟಿ, ಅದಕ್ಕೆ ನಾನೇ ಅಕ್ಕನ ಜೊತೆ ಹೋದೆ.

ರಕ್ತ ತೆಗೆಯುವ ಕೋಣೆಯಲ್ಲಿ ಒಂದು ಮೇಜು, ಒಂದು ಸ್ಟೂಲು, ಬಾಗಿಲ ತನಕ ಜನ. ಮೇಲೆ ಕಟಕಟ ಅನ್ನುವ ಫ್ಯಾನು, ಹೊರಗೆ ನಂಬರು ಕೂಗುವ ಮೈಕು. ಚಿನ್ನು ಒಳಗೆ ಕಾಲಿಟ್ಟಕೂಡಲೇ ಎರಡೂ ಕಿವಿ ಮುಚ್ಚಿಕೊಂಡ. ಅಕ್ಕ ಮೆತ್ತಗೆ ಹೇಳಿದಳು, "ಸಿಸ್ಟರ್, ಇವನಿಗೆ ಆಟಿಸಂ ಐತೆ. ಆ ರಬ್ಬರ್ ಪಟ್ಟಿ ಮೊದಲು ಅವನ ಕೈಗೇ ಕೊಡ್ರಿ, ಮುಟ್ಟಿ ನೋಡ್ಲಿ. ಇಪ್ಪತ್ತು ಎಣಿಸೋದ್ರೊಳಗೆ ಮುಗೀತೈತೆ ಅಂತ ಹೇಳಿದ್ರೆ ತಾನೇ ಕೈ ಕೊಡ್ತಾನೆ."

ಸಿಸ್ಟರ್ ಟ್ಯೂಬಿನ ಮೇಲೆ ಹೆಸರು ಬರೆಯುತ್ತಲೇ ಇದ್ದರು. "ಅದೆಲ್ಲಾ ಮಾಡ್ಕೊಂತ ಕುಂತ್ರೆ ಸಂಜೆ ಆಗ್ತೈತಮ್ಮ. ಹಠ ಮಾಡದ ಹುಡುಗ್ರು ಎಲ್ಲಿದ್ದಾರೆ?"

ಹೊರಗಿಂದ ಇಬ್ಬರನ್ನು ಕರೆದರು. ಒಬ್ಬ ಕಾಲು ಅದುಮಿ ಹಿಡಿದ, ಇನ್ನೊಬ್ಬ ಭುಜ. "ತಾಯಿ ಇದ್ರೆ ನಾಟಕ ಜಾಸ್ತಿ" ಅಂತ ಅಕ್ಕನನ್ನು ಬಾಗಿಲ ಹೊರಗೆ ಕಳಿಸಿದರು. ನಾನು ಗೋಡೆಗೆ ಒತ್ತಿಕೊಂಡು ಹೇಗೋ ಒಳಗೇ ನಿಂತೆ. ಅವನು ಹೊರಳಿದ, ಸೂಜಿ ಜಾರಿತು, ಇನ್ನೊಂದು ಕೈಗೆ ಚುಚ್ಚಿದರು. ಸಾಲಿನಲ್ಲಿದ್ದ ಯಾರೋ, "ನಾಲ್ಕು ಬಿಗಿದ್ರೆ ಸರಿಹೋಗ್ತಾನೆ" ಅಂದರು. ಏಳು ವರ್ಷದ ಮಗುವಿಗೆ, ಜ್ವರದಲ್ಲಿ ಸುಡುತ್ತಿರುವ ಮಗುವಿಗೆ.

ಸಿಸ್ಟರ್‌ಗೆ ಕೆಲಸ ಮೈತುಂಬಾ ಇತ್ತು, ಕಣ್ಣಾರೆ ನೋಡಿದೆ. ಆದರೆ ಅಕ್ಕ ಕೇಳಿದ್ದು ಒಂದೆರಡು ನಿಮಿಷ. ಹಿಡಿಯೋರನ್ನು ಕರೆದು, ಎರಡು ಸಲ ಚುಚ್ಚಿ, ಅವನ ಕಿರುಚಾಟಕ್ಕೆ ಹೊರಗಿದ್ದ ಮಕ್ಕಳೆಲ್ಲಾ ಹೆದರಿ ಅಳೋಕೆ ಶುರು ಮಾಡಿದ್ದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಹೋಯಿತು.

ಚಿನ್ನುವಿನ ಒಂದೊಂದು ಅಂಗಿಯ ಕಾಲರ್ ಹಿಂದಿನ ಲೇಬಲ್ಲನ್ನೂ ಅಕ್ಕ ಕತ್ತರಿಯಿಂದ ಬಿಡಿಸಿ ತೆಗೆಯುತ್ತಾಳೆ. ದಾರದ ತುಂಡು ಉಳಿದರೂ ಅವನು ಅಂಗಿ ಕಿತ್ತು ಬಿಸಾಕುತ್ತಾನೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸದ್ದು, ಬೆಳಕು, ಮುಟ್ಟುವುದು ನಮಗಿಂತ ಜೋರಾಗಿ ತಾಗುತ್ತವೆ. ಅಂಥವನನ್ನು ಗೊತ್ತಿಲ್ಲದ ನಾಲ್ಕು ಕೈ ಅದುಮಿ ಹಿಡಿದರೆ ಏನಾಗಬೇಡ? ಅದು ಹಠ ಅಲ್ಲ ರೀ.

ಅಕ್ಕನ ಪರ್ಸಿನಲ್ಲಿ ಅವನ ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಇಂಥವರನ್ನು ಮೊದಲು ನೋಡಿ ಚಿಕಿತ್ಸೆ ಕೊಡಬೇಕು ಅಂತ ಅದರ 25ನೇ ಸೆಕ್ಷನ್ನಲ್ಲೇ ಇದೆ. ಅಕ್ಕ ಕಾರ್ಡ್ ತೆಗೆದು ತೋರಿಸಿದಳು. "ಇಲ್ಲಿ ಎಲ್ರಿಗೂ ಒಂದೇ ಲೈನು" ಅಂದರು, ಅಷ್ಟೇ.

ಪ್ಲೇಟ್‌ಲೆಟ್ 1 ಲಕ್ಷ 10 ಸಾವಿರ ಬಂದಿದೆ. ಒಂದೂವರೆ ಲಕ್ಷದ ಮೇಲಿರಬೇಕಿತ್ತು. ಗಾಬರಿ ಬೇಡ, ಆದರೆ ನಾಡಿದ್ದು ಇನ್ನೊಮ್ಮೆ ನೋಡಲೇಬೇಕು ಅಂದರು ಡಾಕ್ಟರು.

ನಾಡಿದ್ದು ವರಮಹಾಲಕ್ಷ್ಮಿ. ಪಕ್ಕದ ಮನೆ ಆಂಟಿ ಬಂದು ಬಾಳೆಕಂದು ತರಿಸಿದ್ರೇನು ಅಂತ ಕೇಳಿ ಹೋದರು. ಅಕ್ಕ ಹೂಂ ಅಂದಳು. ತರಿಸಿಲ್ಲ.

ಚಿನ್ನು ತಾನಾಗಿ ಮಾತು ಕಟ್ಟುವುದು ಕಡಿಮೆ. ಕೇಳಿದ್ದನ್ನು ಹಾಗೇ ಹೇಳುತ್ತಾನೆ. ಹೋದ ವಾರ ತರಕಾರಿ ಗಾಡಿಯ ಮೈಕು ಹೇಳಿದ್ದನ್ನು ಅದೇ ರಾಗದಲ್ಲಿ ದಿನವಿಡೀ ಹೇಳುತ್ತಿದ್ದ, ನಾವೆಲ್ಲ ನಗುತ್ತಿದ್ದೆವು. ಇವತ್ತು ಸಂಜೆ ಅನ್ನದ ತಟ್ಟೆ ಮುಂದೆ ಕೂತು ಶುರು ಮಾಡಿದ, "ಗಟ್ಟಿಗೆ ಹಿಡೀರಿ. ಗಟ್ಟಿಗೆ ಹಿಡೀರಿ. ಕೈ ಬಿಡಬ್ಯಾಡ್ರಿ." ಸಿಸ್ಟರದೇ ದನಿ, ಅದೇ ಏರಿಳಿತ. ಹೇಳುತ್ತಾ ತನ್ನ ಎಡ ಮೊಣಕೈಯನ್ನು ಬಲಗೈಯಲ್ಲಿ ಒತ್ತಿ ಹಿಡಿದಿದ್ದ. ಅಲ್ಲೇ ನೀಲಿಗಟ್ಟಿದೆ. ಅಕ್ಕ ಎದ್ದು ಅಡುಗೆಮನೆಗೆ ಹೋದಳು.

ಬಂದು, "ಇನ್ನು ಆ ಜಾಗಕ್ಕೆ ಕರ್ಕೊಂಡು ಹೋಗಲ್ಲ" ಅಂದಳು.

"ಟೆಸ್ಟ್ ಬಿಡೋಕಾಗಲ್ಲಕ್ಕ."

"ಗೊತ್ತು ಕಣೇ. ಜಾಗ ಬ್ಯಾರೆ ನೋಡೋಣ ಅಂದೆ."

ಕೌಲ್ ಬಜಾರ್ ಕಡೆ ಲ್ಯಾಬಿನ ಹುಡುಗ ಒಬ್ಬ ಮನೆಗೇ ಬಂದು ರಕ್ತ ತೆಗೀತಾನಂತೆ. ನಾಳೆ ಆಗಸ್ಟ್ 15, ಫೋನ್ ಎತ್ತುತ್ತಾನೋ ಇಲ್ಲವೋ. ಚರ್ಮ ಮರಗಟ್ಟಿಸುವ ಕ್ರೀಮ್ ಬರುತ್ತದೆ, ಚುಚ್ಚುವ ಒಂದು ಗಂಟೆ ಮೊದಲು ಹಚ್ಚಬೇಕು. ಚಿನ್ನುಗೆ ಆಗುತ್ತಾ ಅಂತ ಡಾಕ್ಟರನ್ನು ಕೇಳಬೇಕು. ಅಂಟಂಟಾಗಿದ್ದರೆ ಹಚ್ಚೋಕೇ ಬಿಡಲ್ಲ ಅವನು. ಮೊದಲು ನನ್ನ ಕೈಗೆ ಹಚ್ಚಿ ತೋರಿಸಿದರೆ, ಆಮೇಲೆ ಅವನ ಕೈಯಿಂದಲೇ ಅಕ್ಕನಿಗೆ ಹಚ್ಚಿಸಿದರೆ, ಹಾಗೇ ಎಣಿಸುತ್ತಾ