ಶುಗರ್ ಟೆಸ್ಟ್‌ಗೆ ಹಾಲಿನ ಡೈರಿ ಯಾಕೆ ಅಂದ್ರೆ

ಮಂಡ್ಯ ಕಡೆ ಒಂದು ಆರೋಗ್ಯ ಉಪಕೇಂದ್ರಕ್ಕೆ ಸಿಎಚ್‌ಒ, ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿ ಆಗಿ ಸೇರಿದಾಗ ನಾನು ಮೊದಲು ಮಾಡಿದ್ದೇ ಊರಿಗೊಂದು ಶುಗರ್ ಸಮಿತಿ. ಪಂಚಾಯ್ತಿ ಮೆಂಬರ್ರು, ಮೇಷ್ಟ್ರು, ಸ್ತ್ರೀಶಕ್ತಿ ಸಂಘದೋರು ಎಲ್ರೂ ಬಂದ್ರು, ಬೋಂಡಾ ಕಾಫಿ ಆಯ್ತು, ಫೋಟೋನೂ ಆಯ್ತು, ಮೂರನೇ ಮೀಟಿಂಗ್‌ಗೆ ನಾನು, ಆಶಾ ಇಬ್ರೇ. ತಪ್ಪು ನಂದೇ ಬಿಡಿ, ಯಾರಿಗೂ ಒಂದು ಕೆಲಸ ಅಂತ ಹಚ್ಚಿರ್ಲಿಲ್ಲ, ಬಂದು ಕೂತ್ಕೊಳಿ ಅಂದಿದ್ದೆ ಅಷ್ಟೇ.

ದಾರಿ ತೋರಿಸಿದ್ದು ಆಶಾ ಅಕ್ಕ. "ಮೇಡಂ, ನೀವು ಬಾಗಿಲು ತೆಗೆಯೋಷ್ಟರಲ್ಲಿ ಎಲ್ಲಾ ಉಂಡು ಗದ್ದೆಗೆ ಹೋಗಿರ್ತಾರೆ, ಖಾಲಿ ಹೊಟ್ಟೇಲಿ ಬೇಕು ಅಂದ್ರೆ ಬೆಳಿಗ್ಗೆ ಆರಕ್ಕೆ ಡೈರಿ ಹತ್ರ ಬನ್ನಿ." ಹೋದೆ. ಕ್ಯಾನ್ ಹಿಡ್ಕೊಂಡು ಸಾಲಾಗಿ ನಿಂತಿದ್ರು, 30 ದಾಟಿದೋರೇ ಹೆಚ್ಚು. ಸೆಕ್ರೆಟರಿ ಅಣ್ಣ ಹಾಲಿಗೆ ಫ್ಯಾಟ್ ನೋಡ್ತಿದ್ರೆ ಪಕ್ಕದಲ್ಲೇ ನಾನು ಬೆರಳು ಚುಚ್ತಿದ್ದೆ. ನಾವು ಕೊಟ್ಟ ಕಾರ್ಡೆಲ್ಲ ಜನ ಕಳ್ಕೊಳ್ತಾರೆ ಅಂತ ಸೆಕ್ರೆಟರಿ ಅಣ್ಣನೇ ಹಾಲಿನ ಪಾಸ್‌ಬುಕ್ ಹಿಂದಿನ ಹಾಳೇಲಿ ಶುಗರ್ ನಂಬರ್ ಬರೆಯೋಕೆ ಶುರು ಮಾಡಿದ್ರು, ಬಟವಾಡೆ ದುಡ್ಡಿನ ಪುಸ್ತಕ ನೋಡಿ, ಅದನ್ನ ಯಾರೂ ಕಳ್ಕೊಳಲ್ಲ. 126 ದಾಟಿದ್ರೆ ಕೆಂಪು ಪೆನ್ನು, ಅವರನ್ನ ಪಿಎಚ್‌ಸಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋದು ಸಂಘದ ಹೆಂಗಸರ ಪಾಲು.

ಒಂದಿನ ಒಬ್ಬ ಅಮ್ಮಂಗೆ 340 ಬಂತು, ಆಯಮ್ಮ ಅಲ್ಲೇ ಕುಸಿದು ಕೂತ್ಬಿಟ್ರು. ಕೈ ನೋಡಿದ್ರೆ ಅಂಟಂಟು. ಕರು ಹಾಕಿದ ಹಸುಗೆ ಬೂಸಾ ಜತೆ ಬೆಲ್ಲ ಕಲಸಿ ಇಟ್ಟು ಹಂಗೇ ಬಂದಿದ್ರು! ಸೋಪು ಹಾಕಿ ತೊಳೆಸಿ, ಒರೆಸಿ, ಬೇರೆ ಬೆರಳು ಚುಚ್ಚಿದ್ರೆ 104. ಸ್ಪಿರಿಟ್ ಹತ್ತಿ ಒರೆಸಿದ್ರೆ ಸಾಕು ಅನ್ಕೊಂಡಿದ್ದ ನಾನು ಆವತ್ತಿಂದ ನಲ್ಲಿ ಹತ್ರಾನೇ ಟೇಬಲ್ ಹಾಕಿಸ್ದೆ.

ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ ಅನ್ನೋ ವಾದ ಇನ್ನೂ ಮುಗ್ದಿಲ್ಲ, ಅದು ಮುಗಿಯೋದೂ ಇಲ್ಲ ಅನ್ಸುತ್ತೆ.

ನಾಲ್ಕು ತಿಂಗಳಾದ್ಮೇಲೆ ರಿಜಿಸ್ಟರ್ ತಿರುವಿ ಹಾಕ್ತಾ ಇದ್ರೆ ಒಂದು ಬೀದಿ ಹೆಸರೇ ಇಲ್ಲ. ಹಸು ಇಲ್ಲದ ಮನೆಗಳು, ಕೂಲಿ ಮಾಡೋರು, ಅವರಿಗೆ ಡೈರೀಲೇನು ಕೆಲಸ? ನಾಚಿಕೆ ಆಯ್ತು ನಂಗೆ. ರೇಷನ್ ಕೊಡೋ ದಿನ ಸೊಸೈಟಿ ಮುಂದೆ ಕೂತೆ, ಹೆಬ್ಬೆಟ್ಟು ಒತ್ತೋಕೆ ಹೆಂಗೂ ಕಾಯ್ತಾರಲ್ಲ.

ಈಗ ನಂಗೆ ಬೇರೆ ಕಡೆ ಟ್ರಾನ್ಸ್‌ಫರ್ ಆಗಿದೆ. ಹೋದ ವಾರ ಬೆಳಿಗ್ಗೆ ಆರೂಕಾಲಿಗೆ ಸೆಕ್ರೆಟರಿ ಅಣ್ಣ ಫೋನ್ ಮಾಡಿ, "ಮೇಡಂ, ಸ್ಟ್ರಿಪ್ ಖಾಲಿ, ಜನ ನಿಂತವ್ರೆ, ನಿಮ್ ಜಾಗಕ್ಕೆ ಬಂದಿರೋ ಹುಡುಗಂಗೆ ಒಂದ್ ಮಾತು ಹೇಳಿ" ಅಂದ್ರು.