‘ಎಲ್ಲಾ ಮೊಬೈಲ್‌ನ್ಯಾಗ ಕಲೀತಾವಂತಲ್ರಿ?’

ಗಂಗಾವತಿಯಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವವರು ಇನ್ನೂ ಯಾರಿದ್ದಾರೋ, ನನ್ನ ಕಣ್ಣಿಗಂತೂ ಬಿದ್ದಿಲ್ಲ. ಹಾಗಾಗಿ ಸಂತೆಗೆ ಹೋದರೂ ಮದುವೆಗೆ ಹೋದರೂ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಮೊದಮೊದಲು "ಸಾಲಿಗಿ ಯಾಕ ಹಾಕಿಲ್ರಿ?" ಅನ್ನುತ್ತಿದ್ದರು. ಅದು ಹಳೆಯದಾಯಿತು. ಈಗಿನದು ಬೇರೆ: "ಎಲ್ಲಾ ಮೊಬೈಲ್‌ನ್ಯಾಗ ಕಲೀತಾವಂತಲ್ರಿ ನಿಮ್ಮ ಹುಡುಗ್ರು? ಯಾವ ಆ್ಯಪ್ ಹೇಳ್ರಿ, ನಮ್ಮ ಹುಡುಗಗೂ ಹಾಕಿಕೊಡ್ತೀನಿ."

ಹೋದ ವಾರ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಹಿಡಿದು ನಿಂತಿದ್ದಾಗ ನಮ್ಮ ಓಣಿಯ ಅಕ್ಕ ಒಬ್ಬರು ಇದನ್ನೇ ಕೇಳಿದರು. ಗಿರಣಿ ಸದ್ದಿನಲ್ಲಿ ಏನು ಹೇಳಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. "ಸಂಜಿಗಿ ಮನಿಗಿ ಬರ್ರಿ" ಅಂದೆ. ಅವರಿಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊತ್ತಿನ ಲೆಕ್ಕ. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ವಾರದಲ್ಲಿ ನಾಲ್ಕು ದಿನ, ಬೆಳಗಿನ ತಿಂಡಿಯಾದ ಮೇಲೆ ಗಣಿತಕ್ಕೆ ತಲಾ 25 ನಿಮಿಷ, ಇಂಗ್ಲಿಷ್ ಓದಿಗೆ 15 ನಿಮಿಷ. ಅಷ್ಟೇ. ಗಣಿತಕ್ಕೆ ಖಾನ್ ಅಕಾಡೆಮಿ ಬಳಸುತ್ತೇವೆ. 2008ರಲ್ಲಿ ಶುರುವಾದದ್ದು, ದುಡ್ಡು ಬೇಡುವುದಿಲ್ಲ, ಕನ್ನಡದಲ್ಲೂ ಇದೆ. ಮಗ ಅಕ್ಷರ ಫೌಂಡೇಶನ್‌ನವರ ಬಿಲ್ಡಿಂಗ್ ಬ್ಲಾಕ್ಸ್ ಎಂಬ ಗಣಿತದ ಆ್ಯಪ್‌ನಲ್ಲಿ ಆಡುತ್ತಾನೆ. ಅದೂ ಪುಕ್ಕಟೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಳಿಗೆ ಟವರ್ ಕೈಕೊಡುವ ನಮ್ಮಂಥ ಊರಿಗೆ ಇದು ಸಣ್ಣ ಮಾತಲ್ಲ. ಒಂದು ವರ್ಷ ಪರದೆಯ ಮೇಲೆ ಲೆಕ್ಕ ಮಾಡಿಸುವ ಹೊರದೇಶದ ಕಾರ್ಯಕ್ರಮವೊಂದಕ್ಕೆ ಹಣವನ್ನೂ ಕಟ್ಟಿದ್ದೆ. ಅದರ ಹೆಸರು ಬೇಡ, ಕಥೆ ಮುಂದೆ ಬರುತ್ತದೆ.

ಇವುಗಳಿಂದ ಉಪಯೋಗ ಇದೆಯೇ ಅಂದರೆ, ಇದೆ. ನಾನು ಕೈಯಲ್ಲಿ ಲೆಕ್ಕ ಬರೆದುಕೊಡುತ್ತಿದ್ದ ಕಾಲದಲ್ಲಿ ಹತ್ತು ಲೆಕ್ಕ ಬರೆಯುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕುತ್ತಿತ್ತು. ತಿದ್ದುವುದು ರಾತ್ರಿ ಒಂಬತ್ತಕ್ಕೆ. ಅಷ್ಟೊತ್ತಿಗೆ ಮಗಳು ಒಂದೇ ತಪ್ಪನ್ನು ಹತ್ತು ಸಲ ಮಾಡಿ ಮಲಗಿರುತ್ತಿದ್ದಳು. ಕಾರ್ಯಕ್ರಮವಾದರೆ ಒಂದನೇ ಲೆಕ್ಕಕ್ಕೇ ತಪ್ಪು ಅನ್ನುತ್ತದೆ. ಇನ್ನೊಂದು ಅನುಕೂಲ, ಮಗು ಎಲ್ಲಿದೆಯೋ ಅಲ್ಲಿಂದಲೇ ಹತ್ತಬಹುದು. ಇದೇನೂ ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ ಬಿಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಕಲಿಕಾ ಏಣಿ ಅಂತ ಗೋಡೆಗೆ ಅಂಟಿಸಿರುತ್ತಿದ್ದುದು ಇದನ್ನೇ. ಎರಡು ವರ್ಷ ಅತಿಥಿ ಶಿಕ್ಷಕಿಯಾಗಿದ್ದಾಗ ಆ ಏಣಿಯ ಮುಂದೆ ನಿಂತು ತಮ್ಮ ಮೆಟ್ಟಿಲು ಹುಡುಕುವ ಮಕ್ಕಳನ್ನು ನೋಡಿದ್ದೇನೆ.

ಆದರೆ "ಕಲೀತಾವಂತಲ್ರಿ" ಅನ್ನುವ ಮಾತಿಗೆ ಮಾತ್ರ ನಾನು ಹೂಂ ಅನ್ನುವುದಿಲ್ಲ. ಕಲಿತದ್ದು ಅಲ್ಲಿ ಗಟ್ಟಿಯಾಗುತ್ತದೆ. ಕಲಿಯುವುದು ಬೇರೆ ಕಡೆ.

ಹಣ ಕಟ್ಟಿದ್ದ ಆ ಕಾರ್ಯಕ್ರಮದಲ್ಲಿ ಮಗಳು ಕಳೆಯುವ ಲೆಕ್ಕ ಮಾಡುತ್ತಿದ್ದಳು. ಅಂಕ ನೂರಕ್ಕೆ ಏರಬೇಕು. ಎಂಬತ್ತರ ಮೇಲೆ ಹೋದಾಗ ಒಂದು ತಪ್ಪಿಗೆ ಅಂಕ ದಡಕ್ಕನೆ ಇಳಿಯುತ್ತಿತ್ತು, ಇವಳ ಕಣ್ಣಲ್ಲಿ ನೀರು ಬರುತ್ತಿತ್ತು. ಮೂರನೇ ದಿನಕ್ಕೆ ಅಳು ನಿಂತಿತು. ಕಲಿತಳು ಅಂದುಕೊಂಡೆ. ಪಕ್ಕಕ್ಕೆ ಕೂತು ನೋಡಿದರೆ ನಾಲ್ಕು ಉತ್ತರದಲ್ಲಿ ಯಾವುದಾದರೊಂದು ಒತ್ತುವುದು, ತಪ್ಪಾದರೆ ಪುಟ ಮುಚ್ಚಿ ಮತ್ತೆ ತೆರೆಯುವುದು! ನಾಲ್ಕಕ್ಕೆ ಒಂದು ಕುರುಡಾಗಿಯೂ ಹೊಡೆಯುತ್ತದಲ್ಲ.

ಮರುದಿನ ಒಂದು ಕಟ್ಟಳೆ ಮಾಡಿದೆ: ಪರದೆ ಮೇಲಿನ ಪ್ರತಿ ಲೆಕ್ಕವೂ ಮೊದಲು ರಫ್ ನೋಟ್‌ಬುಕ್ಕಿನಲ್ಲಿ ಆಗಬೇಕು. ಮೊದಲ ಪುಟದಲ್ಲೇ ಕಳ್ಳ ಸಿಕ್ಕಿಬಿದ್ದ. 502ರಲ್ಲಿ 178 ಕಳೆದರೆ ಇವಳ ಉತ್ತರ 476. ನೋಡಿ, ಐದರಲ್ಲಿ ಒಂದು ಹೋದರೆ ನಾಲ್ಕು, ಸರಿ. ಸೊನ್ನೆಯಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲೇ ಸೊನ್ನೆ ಕಳೆದು ಏಳು. ಎರಡರಲ್ಲಿ ಎಂಟು ಹೋಗುವುದಿಲ್ಲ, ಎಂಟರಲ್ಲೇ ಎರಡು ಕಳೆದು ಆರು. ದೊಡ್ಡದರಲ್ಲಿ ಸಣ್ಣದು ಕಳೆಯಬೇಕು ಎಂದು ಯಾವಾಗಲೋ ನಾನೇ ಹೇಳಿದ್ದೆ. ಅದನ್ನು ನಿಷ್ಠೆಯಿಂದ ಪಾಲಿಸಿದ್ದಳು ಪಾಪ. ಕಾರ್ಯಕ್ರಮಕ್ಕೆ ಗೊತ್ತಾದದ್ದು 476 ತಪ್ಪು ಎಂಬುದಷ್ಟೇ. 476 ಎಲ್ಲಿಂದ ಬಂತು ಎಂಬುದು ಹಾಳೆಯ ಮೇಲಿತ್ತು.

"ಪಕ್ಕದ ಮನಿಯಿಂದ ಸಾಲ ತಗೋಬೇಕು" ಅಂತ ಶಾಲೆಯಲ್ಲಿ ನನಗೆ ಹೇಳಿಕೊಟ್ಟಂತೆಯೇ ಹೇಳಿಕೊಟ್ಟೆ. "ತಗೊಂಡ ಸಾಲ ಯಾವಾಗ ತಿರುಗಿ ಕೊಡೂದವ್ವ?" ಅಂದಳು. ಬಾಯಿ ಕಟ್ಟಿತು. ಅವರಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಜೇಬಿನಿಂದ ನೂರರ ಐದು ನೋಟು, ಎರಡು ರೂಪಾಯಿ ಚಿಲ್ಲರೆ ತೆಗೆದು ಅವಳ ಮುಂದಿಟ್ಟರು. "ನನಗ 178 ಕೊಡು." ಹತ್ತರ ನೋಟೇ ಇಲ್ಲ. ನೂರರ ಒಂದು ನೋಟು ಮುರಿಸಿ ಹತ್ತರ ಹತ್ತು, ಅದರಲ್ಲೊಂದು ಮುರಿಸಿ ಒಂದರ ಹತ್ತು. ಕೊಟ್ಟಾದ ಮೇಲೆ ಉಳಿದದ್ದು ಎಣಿಸಿದಳು, 324. ಸಾಲವೂ ಇಲ್ಲ, ತೀರಿಸುವುದೂ ಇಲ್ಲ, ನೋಟು ಮುರಿಸುವುದು. ಅದಾದ ಮೇಲೆ ಅದೇ ಕಾರ್ಯಕ್ರಮದಲ್ಲಿ ಮೂವತ್ತು ಲೆಕ್ಕ ಸಾಲಾಗಿ ಮಾಡಿದಳು. ಆ ಮೂವತ್ತಕ್ಕೆ ಅದು ಬಹಳ ಒಳ್ಳೆಯದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಹೊರದೇಶದ ಕಾರ್ಯಕ್ರಮಗಳಲ್ಲಿ ಇನ್ನೊಂದು ತೊಡಕಿದೆ. ನಾಣ್ಯದ ಪಾಠ ಅಂದರೆ ಡೈಮು, ನಿಕಲ್ಲು, ಕ್ವಾರ್ಟರು. ಭಿನ್ನರಾಶಿ ಅಂದರೆ ಪಿಜ್ಜಾ ತುಂಡು. ನಾಣ್ಯದ ಪಾಠ ಹಾರಿಸಿಬಿಟ್ಟೆ. ಪಿಜ್ಜಾ ಬದಲು ಭತ್ತ ಹಿಡಿದೆವು. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕಿಲೋ. ಬೆಂಬಲ ಬೆಲೆ ಸಾರುವುದು ಕ್ವಿಂಟಲಿಗೆ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2300 ರೂಪಾಯಿ ಇತ್ತು. ಚೀಲಕ್ಕೆ ಎಷ್ಟಾಯಿತು? ನೂರರಲ್ಲಿ 75 ಅಂದರೆ ಮುಕ್ಕಾಲು. ಮುಕ್ಕಾಲು ಎಂಬ ಮಾತಿನೊಳಗೇ ಮೂರು ಕಾಲು ಕೂತಿವೆ. 2300ರ ಕಾಲು 575, ಅಂಥವು ಮೂರು, 1725. ಪರದೆಯಲ್ಲಿ ಒಂದರ ಕೆಳಗೆ ಒಂದು ನಿಂತ ಮೂರು, ನಾಲ್ಕು ಎಂಬ ಅಂಕಿಗಳನ್ನು ನೋಡಿ ಗಾಬರಿಯಾಗುತ್ತಿದ್ದವಳು ಇದನ್ನು ಬಾಯಲ್ಲೇ ಹೇಳಿದಳು.

ಅಲ್ಪವಿರಾಮದ ಜಗಳ ಇದಕ್ಕಿಂತ ಸ್ವಾರಸ್ಯದ್ದು. ನಾವು ಹತ್ತು ಲಕ್ಷವನ್ನು 10,00,000 ಎಂದು ಬರೆದರೆ ಅದು 1,000,000 ಎಂದು ಬರೆದು ಮಿಲಿಯನ್ ಅನ್ನುತ್ತದೆ. ನಮ್ಮದೇ ಸರಿ ಎಂದು ಮಗಳು ಹಟ ಹಿಡಿದಳು. ಆಗ ನೆನಪಾದದ್ದು ಟಿಎಂಸಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಈ ಭಾಗದಲ್ಲಿ ಮಾತೆಲ್ಲ ಟಿಎಂಸಿಯದೇ. ಎಡದಂಡೆ ಕಾಲುವೆಯ ನೀರು ಬಿಟ್ಟರೆ ನಮ್ಮೂರ ಗದ್ದೆಗೂ ಗಿರಣಿಗೂ ಬೇರೆ ಗತಿಯಿಲ್ಲ. ಆ ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ; ನಮ್ಮ ಲೆಕ್ಕದಲ್ಲಿ ನೂರು ಕೋಟಿ. ದಿನಕ್ಕೆ 86,400 ಸೆಕೆಂಡು. ನೂರು ಕೋಟಿಯನ್ನು ಅದರಿಂದ ಭಾಗಿಸಿದರೆ ಸುಮಾರು 11,574. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ; ಅಷ್ಟು ಕ್ಯುಸೆಕ್ ನೀರು ಇಡೀ ದಿನ ಹರಿದುಬಂದರೆ ಡ್ಯಾಮಿಗೆ ಒಂದು ಟಿಎಂಸಿ. (ಭಾಗಾಕಾರ ಮಾಡಿದ್ದು ಕ್ಯಾಲ್ಕ್ಯುಲೇಟರ್, ಸುಳ್ಳು ಹೇಳಬಾರದು.) ಈಗ ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಒಳಹರಿವು ನೋಡುತ್ತಾಳೆ. "35,000 ಅದಪ್ಪಾ, ನಾಳಿಗಿ ಮೂರು ಟಿಎಂಸಿ ಏರ್ತದ, ಅವ್ರು ಬಿಡದಿದ್ರ!" ಬಿಡದಿದ್ದರೆ ಎಂದು ಸೇರಿಸಿದ್ದು ಅವಳೇ. ಅದನ್ನು ಯಾವ ಕಾರ್ಯಕ್ರಮವೂ ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ.

ಓದಿನ ವಿಷಯ ಬೇರೆ. ಇಂಗ್ಲಿಷಿಗೆ ಈ ಕಾರ್ಯಕ್ರಮಗಳು ನನಗಿಂತ ಮೇಲು, ಇದನ್ನು ನಾಚಿಕೆಯಿಲ್ಲದೆ ಒಪ್ಪುತ್ತೇನೆ. ನೈಫ್‌ನಲ್ಲಿ ಕೆ ಯಾಕೆ ಸುಮ್ಮನಿದೆ ಎಂದು ನನಗೂ ಗೊತ್ತಿಲ್ಲ. ಅದು ಸದ್ದು ಮಾಡಿ, ಚಿತ್ರ ತೋರಿಸಿ, ನೂರು ಸಲ ಹೇಳಿಸಿದರೂ ಬೇಸರಪಡುವುದಿಲ್ಲ. ಕನ್ನಡಕ್ಕೆ ಆ ಪದ್ಧತಿ ಹೊಂದುವುದಿಲ್ಲ. ಮಗನಿಗೆ ನಾನು ಅ ಆ ಇ ಈ ಎಂದು ಶುರು ಮಾಡದೆ, ನಲಿ-ಕಲಿಯವರಂತೆ ರ ಗ ಸ ದ ಅ ಹಿಡಿದೆ. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಓದಿ ಕುಣಿದಾಡಿದ. ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದಾಗ ಅರ್ಕಾವೊತ್ತು ಕಾಡಿತು. ಸೂರ್ಯನನ್ನು "ಸೂಯ್ರ" ಅಂದ. "ಹಿಂದ ಬರದು ಮುಂದ ಓದೂದ್ಯಾಕ?" ಅಂತ ಸಿಟ್ಟು. ಸಿಟ್ಟು ನ್ಯಾಯವಾದದ್ದೇ.

ಕಥೆಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಜಾಲತಾಣ ಇದೆ. 2015ರಿಂದ ಇದೆ, ಹಂತ ಹಂತವಾಗಿ ಜೋಡಿಸಿದ ಕನ್ನಡ ಕಥೆಗಳು ಬೇಕಾದಷ್ಟಿವೆ. ನಾನು ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಕೈಯಲ್ಲಿ ಹಾಳೆ ಇದ್ದರೆ ಮಗ ಮಂಚದ ಕೆಳಗೂ ಓದುತ್ತಾನೆ. ಒಂದು ದಿನ "ಹುಡುಗನು ಶಾಲೆಗೆ ಹೋಗುತ್ತಾನೆ" ಎಂದಿದ್ದನ್ನು ಅವನು ಸಲೀಸಾಗಿ "ಹುಡುಗ ಸಾಲಿಗಿ ಹೋಗ್ತಾನ" ಎಂದು ಓದಿದ. ದನಿ ಕೇಳಿ ಅಂಕ ಕೊಡುವ ಯಂತ್ರದ ಮುಂದೆ ಮೂರು ಪದವೂ ತಪ್ಪು. ನನಗೆ ಮಾತ್ರ ಅವತ್ತೇ ಧೈರ್ಯ ಬಂದದ್ದು. ಕನ್ನಡದಲ್ಲಿ ಅಕ್ಷರ ಬಂದರೆ ಅರ್ಥವಾಗದೆಯೂ ಪುಟಗಟ್ಟಲೆ ಗಿಳಿಯ ಹಾಗೆ ಓದಬಹುದು. ಇವನು ಅರ್ಥವನ್ನು ಒಳಗೆ ತಗೊಂಡು, ತನ್ನ ಮಾತಲ್ಲಿ ಹೊರಗೆ ಬಿಟ್ಟಿದ್ದ.

ಸರ್ಟಿಫಿಕೇಟ್ ಏನು ಮಾಡ್ತೀರಿ ಎಂಬ ಉಪಪ್ರಶ್ನೆಗೆ ಚುಟುಕಾಗಿ: ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರು, ಐದು, ಎಂಟನೇ ತರಗತಿಗೆ ಸಮನಾದ ಹಂತಗಳಿವೆ, ಹದಿನಾಲ್ಕು ತುಂಬಿದರೆ ಹತ್ತನೇ ಪರೀಕ್ಷೆಗೆ ಕೂರಬಹುದು. ನಾವು ಆ ದಾರಿ ಹಿಡಿದಿದ್ದೇವೆ.

ಗಿರಣಿಯ ಅಕ್ಕ ಸಂಜೆ ಮಗನನ್ನೂ ಕರೆದುಕೊಂಡೇ ಬಂದರು. ಮೂರು ಹೆಸರು ಚೀಟಿಯಲ್ಲಿ ಬರೆದುಕೊಟ್ಟು, "ಹುಡುಗನ ಲೆಕ್ಕದ ನೋಟ್‌ಬುಕ್ ತಂದೀರೇನಕ್ಕ?" ಅಂದೆ.

"ನೋಟ್‌ಬುಕ್ ಯಾಕವಾ? ಮೊಬೈಲ್ ತಂದೀನಲ್ಲ!"

ನಾಳೆ ತರುತ್ತೇನೆಂದು ಹೋಗಿದ್ದಾರೆ.